ರಾಕ್ಸ್ ತಗೊಳ್ಳೋದು ಸರಿ, ಟಾಪ್ ಎಂಡೇ ಬೇಕಾ?

ಥಾರ್ ರಾಕ್ಸ್ ತಗೋಬೇಕು ಅನ್ನೋವರೆಗೆ ಮನೆಯಲ್ಲಿ ಎಲ್ಲರೂ ಒಂದೇ ಪಕ್ಷ. ಯಾವ ವೇರಿಯಂಟ್ ಅಂದ ತಕ್ಷಣ ಪಕ್ಷ ಒಡೆಯುತ್ತೆ. ಒಬ್ಬರಿಗೆ ದೊಡ್ಡ ಸನ್‌ರೂಫ್ ಬೇಕು, ಇನ್ನೊಬ್ಬರಿಗೆ ಆಟೊಮ್ಯಾಟಿಕ್, ನಿಮಗೆ ಫೋರ್ ಬೈ ಫೋರ್. ಶೋರೂಮಿನವರು ನಗುತ್ತಾ ಹೇಳ್ತಾರೆ, 'ಎಲ್ಲಾ ಟಾಪ್ ಎಂಡ್‌ನಲ್ಲಿ ಇದೆ ಸರ್, ಇಎಂಐನಲ್ಲಿ ಎರಡು ಸಾವಿರ ಜಾಸ್ತಿ ಅಷ್ಟೇ.'

ಆ ಲೆಕ್ಕ ಮೊದಲು ನೋಡೋಣ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲವಾದರೆ, ಪ್ರತಿ ಒಂದು ಲಕ್ಷಕ್ಕೆ ತಿಂಗಳಿಗೆ ಹೆಚ್ಚುಕಮ್ಮಿ 2,076 ರೂಪಾಯಿ ಕಂತು. ಆದರೆ ಕಾರಿನ ಬೆಲೆ ಒಂದು ಲಕ್ಷ ಏರಿದರೆ ನಿಮ್ಮ ಜೇಬಿನಿಂದ ಹೋಗೋದು ಬರೀ ಒಂದು ಲಕ್ಷ ಅಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ 17, ಮೇಲೆ ಸೆಸ್ ಬೇರೆ. 20 ಲಕ್ಷ ದಾಟಿತೋ, ಪೂರ್ತಿ ಬೆಲೆಯ ಮೇಲೆ ಶೇ 18. 19.90 ಲಕ್ಷದ ಕಾರಿಗೂ 20.10 ಲಕ್ಷದ ಕಾರಿಗೂ ಎಕ್ಸ್ ಶೋರೂಮ್ ವ್ಯತ್ಯಾಸ 20 ಸಾವಿರ. ತೆರಿಗೆಯಲ್ಲೇ ಮತ್ತೆ 23 ಸಾವಿರಕ್ಕಿಂತ ಜಾಸ್ತಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದ ಮೇಲೆ ಬೆಲೆಗಳೂ ಬದಲಾಗಿವೆ. ಹಳೇ ವಿಡಿಯೊ ನೋಡಿ ಬಜೆಟ್ ಹಾಕ್ಬೇಡಿ, ಇವತ್ತಿನ ಆನ್‌ರೋಡ್ ಕೊಟೇಷನ್ ಬರೆಸಿಕೊಳ್ಳಿ.

ಆಯ್ಕೆ ಮಾಡೋಕೆ ನಾನು ಹೇಳೋದು ಒಂದೇ ಪ್ರಶ್ನೆ: ಇದನ್ನ ಆಮೇಲೆ ಹಾಕಿಸೋಕೆ ಆಗುತ್ತಾ? ಸ್ಪೀಕರ್, ಮ್ಯಾಟ್, ಡ್ಯಾಶ್‌ಕ್ಯಾಮ್, ಬೇರೆ ಟೈರು, ಇದೆಲ್ಲ ಬೋನಸ್ ಬಂದಾಗ ನೋಡ್ಕೋಬಹುದು. ಫೋರ್ ಬೈ ಫೋರ್ ಆಗಲಿ, ಗೇರ್‌ಬಾಕ್ಸ್ ಆಗಲಿ ಆಮೇಲೆ ಬರಲ್ಲ. ಹಿಂದಿನ ಡಿಫರೆನ್ಷಿಯಲ್ ಲಾಕ್ ಕೂಡ ಕಂಪನಿಯಿಂದಲೇ ಬಂದಿರಬೇಕು. ಕೆಸರಲ್ಲಿ ಒಂದು ಚಕ್ರ ಸುಮ್ಮನೆ ಸುತ್ತುತ್ತಾ ಇನ್ನೊಂದು ನಿಂತುಬಿಟ್ಟಾಗ, ಎರಡನ್ನೂ ಒಟ್ಟಿಗೆ ತಿರುಗಿಸೋದು ಇದೇ. ನೀವು ಬುಕ್ ಮಾಡೋ ವೇರಿಯಂಟ್‌ನಲ್ಲಿ ಇದೆಯಾ ಅಂತ ಲಿಖಿತವಾಗಿ ಕೇಳಿ.

ರಾಕ್ಸ್‌ನಲ್ಲಿ ಒಂದು ಗಂಟಿದೆ. 2024ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗಿನ ಪಟ್ಟಿಯಲ್ಲಿ ಪೆಟ್ರೋಲ್‌ಗೆ ಫೋರ್ ಬೈ ಫೋರ್ ಇರಲೇ ಇಲ್ಲ, ಡೀಸೆಲ್‌ಗೆ ಮಾತ್ರ. ಅದರಲ್ಲೂ ಕಡಿಮೆ ಬೆಲೆಯ ಎಂಎಕ್ಸ್5 ಫೋರ್ ಬೈ ಫೋರ್ ಬಂದದ್ದು ಮ್ಯಾನ್ಯುಯಲ್ ಗೇರಿನಲ್ಲಿ, 18.79 ಲಕ್ಷಕ್ಕೆ. ಆಟೊಮ್ಯಾಟಿಕ್ ಬೇಕಂದ್ರೆ ಎಎಕ್ಸ್5ಎಲ್‌ಗೆ ಏರಬೇಕು. ಅಂದ್ರೆ ಊರಿನ ತೋಟದ ದಾರಿಗೆ ಫೋರ್ ಬೈ ಫೋರ್ ಬೇಕು, ಸಿಲ್ಕ್ ಬೋರ್ಡ್ ಸಿಗ್ನಲ್‌ಗೆ ಆಟೊಮ್ಯಾಟಿಕ್ಕೂ ಬೇಕು ಅನ್ನೋರಿಗೆ ಅಗ್ಗದ ದಾರಿ ಇಲ್ಲ. ವಾರಕ್ಕೆ ಐದು ದಿನ ಆಫೀಸಿಗೆ ಇದೇ ಗಾಡಿನಾ? ಹಾಗಾದ್ರೆ ದುಡ್ಡು ಎಎಕ್ಸ್5ಎಲ್‌ಗೆ ಹೋಗಲಿ, ಎಡಗಾಲು ಥ್ಯಾಂಕ್ಸ್ ಹೇಳುತ್ತೆ. ಅಡಾಸ್ ಸುರಕ್ಷತೆಯೂ ಅದರಲ್ಲಿ ಬರುತ್ತೆ. ಮೆಟ್ರೊದಲ್ಲಿ ಓಡಾಡಿ, ಗಾಡಿ ಬರೀ ಊರಿಗೆ ಅನ್ನೋರಿಗೆ ಎಂಎಕ್ಸ್5 ಸಾಕು.

ಎಎಕ್ಸ್7ಎಲ್? ಕೂತರೆ ಸುಖ, ಒಪ್ಪುತ್ತೇನೆ. ಪನೋರಮಿಕ್ ಸನ್‌ರೂಫ್, ಗಾಳಿ ಬಿಡೋ ಸೀಟು, ಸುತ್ತಲೂ ಕ್ಯಾಮೆರಾ. ಆದರೆ ಅದರ ಟೈರು 255/60 ಆರ್19, ಎಂಎಕ್ಸ್5ನದು 255/65 ಆರ್18. ಟೈರಿನ ಪಕ್ಕದ ಗೋಡೆ ಹೆಚ್ಚುಕಮ್ಮಿ 13 ಮಿಲಿಮೀಟರ್ ಕಮ್ಮಿ. ಕಲ್ಲಿನ ದಾರಿಯಲ್ಲಿ ಪೆಟ್ಟು ತಡೆಯೋದು ಆ ರಬ್ಬರಿನ ಗೋಡೆ. ಟಾಪ್ ಎಂಡ್ ಅಂದ್ರೆ ಆಫ್‌ರೋಡ್‌ಗೂ ಟಾಪ್ ಅಂತೇನಿಲ್ಲ!

ಬಣ್ಣದ ವಿಷಯ ಚಿಕ್ಕದಲ್ಲ. ಮೊದಲು ಒಳಗೆ ಬಿಳಿ ಬಣ್ಣವೇ ಇತ್ತು. ಮಲೆನಾಡಿನ ಕೆಂಪು ಮಣ್ಣು, ಮಕ್ಕಳ ಶೂ, ಬಿಳಿ ಸೀಟು ಸೇರಿದ್ರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಆಮೇಲೆ ಫೋರ್ ಬೈ ಫೋರ್‌ಗೆ ಮೋಕಾ ಕಂದು ಬಣ್ಣ ಕೊಟ್ಟರು. ಸೀಟಿಗೆ ಕವರ್ ಹಾಕಿಸಬಹುದು, ಬಾಗಿಲಿನ ಒಳಭಾಗಕ್ಕೆ ಕಷ್ಟ. ಬುಕ್ ಮಾಡುವಾಗಲೇ ಕೇಳಿ.

ಆಕ್ಸೆಸರಿ ಪ್ಯಾಕ್‌ಗೆ ತಲೆಯಾಡಿಸೋ ಮುಂಚೆ ಪ್ರತಿ ಸಾಲಿನ ಬೆಲೆ ಬೇರೆ ಬೇರೆ ಬರೆಸಿ. ಸೈಡ್ ಸ್ಟೆಪ್ ಮಾತ್ರ ಬೇಡ ಅನ್ನಬೇಡಿ, ಅಮ್ಮನ ಮಂಡಿ ನೆನಪಿರಲಿ. ಹೊರಗಿನ ಅಂಗಡಿಯವರು ಬುಲ್ ಗಾರ್ಡ್ ತೋರಿಸಿದರೆ ಬೇಡ. ಅದನ್ನ 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ನಿಷೇಧಿಸಿದೆ. ವೈರ್ ಕತ್ತರಿಸಿ ಹೆಚ್ಚುವರಿ ಲೈಟ್ ಹಾಕಿಸೋದೂ ವಾರಂಟಿ ಜಗಳಕ್ಕೆ ದಾರಿ.

ಇನ್ನು ಫೋರ್ ಬೈ ಫೋರೇ ಬೇಕಾ ಅನ್ನೋ ಅನುಮಾನ ಇರೋರಿಗೆ: ಕಳೆದ ವರ್ಷ ನೀವು ಟಾರು ಬಿಟ್ಟು ಓಡಿಸಿದ ದಿನ ಎಷ್ಟು, ಎಣಿಸಿ. ಒಣ ಟಾರಿನ ಮೇಲೆ ಅದನ್ನ ಹಾಕಿ ಓಡಿಸೋ ಹಾಗೂ ಇಲ್ಲ, ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಲೆಕ್ಕ ಎರಡು ಮೂರು ದಿನಕ್ಕೆ ನಿಂತರೆ ಹಿಂದಿನ ಚಕ್ರದ ಡೀಸೆಲ್ ಆಟೊಮ್ಯಾಟಿಕ್ ನೋಡಿ. ಆ ಮೂರು ದಿನಕ್ಕೆ ಬೆಟ್ಟದ ಬುಡದಲ್ಲಿ ಬಾಡಿಗೆ ಜೀಪು ಸಿಗುತ್ತೆ, ದಾರಿ ಗೊತ್ತಿರೋ ಡ್ರೈವರ್ ಸಮೇತ.