ಭಯದ ಬೆಳೆ ಬೆಳೆಯುವವರಾರು?

ಕುಗ್ರಾಮವೊಂದನ್ನು ತೋರಿಸಿ, ಅಲ್ಲಿಯ ಜನರನ್ನು ನರಬಲಿ ಕೊಡುವ ಕ್ರೂರಿಗಳೆಂದು ಚಿತ್ರಿಸಿ, ಪಟ್ಟಣದ ಪ್ರೇಕ್ಷಕರನ್ನು ನಡುಗಿಸುವುದು ಭಯಾನಕ ಚಲಚ್ಚಿತ್ರಗಳ ಒಂದು ರೂಢಿಯೇ ಆಗಿದೆ. ಇದಕ್ಕೆ ಮೇಲ್ಪಂಕ್ತಿ ಹಾಕಿದ ಚಿತ್ರಗಳಲ್ಲಿ 1973ರ ಬ್ರಿಟಿಷ್ ಚಿತ್ರ ‘ದಿ ವಿಕರ್ ಮ್ಯಾನ್’ ಮುಖ್ಯವಾದುದು. ರಾಬಿನ್ ಹಾರ್ಡಿ ಅದರ ನಿರ್ದೇಶಕ. ಇಂಥ ಚಿತ್ರವನ್ನು ನೋಡಿ “ಹಳ್ಳಿಗರ ಮೌಢ್ಯ ಎಷ್ಟು ಘೋರ!” ಎಂದು ಉದ್ಗರಿಸುವವರುಂಟು. ಆ ಉದ್ಗಾರ ಅರ್ಧಸತ್ಯ, ಅರ್ಧಸತ್ಯವಾದುದರಿಂದಲೇ ಅಪಾಯಕರ.

ಸ್ಕಾಟ್ಲೆಂಡಿನ ಸಮರೈಲ್ ಎಂಬ ಕಲ್ಪಿತ ದ್ವೀಪಕ್ಕೆ ಹೌವಿ ಎಂಬ ಪೊಲೀಸ್ ಅಧಿಕಾರಿ ಕಾಣೆಯಾದ ಬಾಲಕಿಯೊಬ್ಬಳನ್ನು ಹುಡುಕುತ್ತ ಬರುತ್ತಾನೆ. ಆತ ನಿಷ್ಠಾವಂತ ಕ್ರೈಸ್ತ. ಹಿಂದಿನ ವರ್ಷ ಅಲ್ಲಿ ಸೇಬಿನ ಬೆಳೆ ಕೈಕೊಟ್ಟಿದೆ. ದೇವತೆಗಳನ್ನು ಒಲಿಸಲು ಬಲಿ ಬೇಕಾಗಿದೆ. ಬಾಲಕಿಯೇ ಬಲಿಯೆಂದು ಹೌವಿ ಭಾವಿಸುತ್ತಾನೆ. ಆದರೆ ಅವಳ ನೆವದಿಂದ ಅವನನ್ನೇ ಬರಮಾಡಿಕೊಂಡಿರುತ್ತಾರೆ. ಕಡ್ಡಿಗಳಿಂದ ಹೆಣೆದ ದೈತ್ಯಾಕೃತಿಯೊಳಗೆ ಅವನನ್ನು ಕೂಡಿ ಬೆಂಕಿಯಿಡುತ್ತಾರೆ; ಜನ ಸುತ್ತ ನಿಂತು ಹಾಡುತ್ತಾರೆ.

ಆದರೆ ಆ ಜನರಿಗೆ ಈ ಧರ್ಮವನ್ನು ಕೊಟ್ಟವರಾರು? ಚಿತ್ರವೇ ಉತ್ತರ ಹೇಳುತ್ತದೆ. 1868ರಲ್ಲಿ ಈಗಿನ ಒಡೆಯನ ಅಜ್ಜ ಬರಡು ದ್ವೀಪವನ್ನು ಕೊಂಡನು. ಅವನು ಕೃಷಿವಿಜ್ಞಾನಿ. ಹೊಸ ತಳಿಯ ಹಣ್ಣಿನ ಗಿಡಗಳನ್ನು ನೆಟ್ಟು, ಉತ್ಸಾಹವುಡುಗಿದ ಜನರನ್ನು ದುಡಿಸಿಕೊಳ್ಳಲು ಅವರ ಹಳೆಯ ದೇವತೆಗಳನ್ನು ಮರಳಿ ತಂದನು. ದೇವರು ಅವನಿಗೆ ದುಡಿಸಿಕೊಳ್ಳುವ ಉಪಾಯವಾಗಿದ್ದನು. ಮೌಢ್ಯ ಹಳ್ಳಿಯ ಮಣ್ಣಿನಲ್ಲಿ ತಾನಾಗಿ ಮೊಳೆತುದಲ್ಲ. ವಿದ್ಯಾವಂತನ ಕೈ ಅದನ್ನು ಬಿತ್ತಿತು.

ಕಡ್ಡಿಯ ದೈತ್ಯನ ಕಲ್ಪನೆಯ ಮೂಲವೂ ವಿಚಾರಾರ್ಹ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಗಾಲ್ ಜನರು ಹೀಗೆ ಬಲಿಕೊಡುತ್ತಿದ್ದರೆಂದು ಬರೆದವನು ಜೂಲಿಯಸ್ ಸೀಸರ್, ಅವರನ್ನು ಗೆದ್ದ ದಂಡನಾಯಕ. ಸೋತವರ ಕ್ರೌರ್ಯಕ್ಕೆ ಗೆದ್ದವನೇ ಸಾಕ್ಷಿ!

ಹಾಗಾದರೆ ಹಾಡುತ್ತ ನಿಂತ ಜನ ನಿರಪರಾಧಿಗಳೇ? ಖಂಡಿತ ಅಲ್ಲ. ಉರಿಯುವ ಮನುಷ್ಯನ ಮುಂದೆ ಹಾಡುವವನಿಗೆ ಅಜ್ಞಾನವು ರಕ್ಷೆಯಾಗದು. ಆದರೆ ಫಲ ಉಣ್ಣುವವನನ್ನು ಬಿಟ್ಟು ಬೆವರು ಸುರಿಸುವವನನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಈ ಮಣ್ಣಿಗೆ ಹಣ್ಣು ಒಗ್ಗದು, ಮುಂದಿನ ವರ್ಷವೂ ಬೆಳೆ ಕೆಟ್ಟರೆ ಜನ ಒಡೆಯನನ್ನೇ ಬಲಿ ಕೇಳುವರು ಎಂದು ಹೌವಿ ಸಾಯುವ ಮುನ್ನ ಎಚ್ಚರಿಸುತ್ತಾನೆ. ಒಡೆಯನ ಬಳಿ ಅದಕ್ಕೆ ಸಮಾಧಾನವಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ತೋರಿದರು. ಹರಕೆಯ ಕುರಿಗಾಗಿ ಮರುಗಿದವರು ಬಸವಣ್ಣನವರು. ಒಡೆಯನು ದುಡಿಸಲು ದೇವರ ಭಯವನ್ನು ತಂದನು. ಶರಣರು ದುಡಿಮೆಯನ್ನೇ ಕಾಯಕವೆಂದು ಪೂಜ್ಯವಾಗಿಸಿ, ಅದರ ಫಲವನ್ನು ದಾಸೋಹಕ್ಕೆ ಸಲ್ಲಿಸಿದರು. ಅಲ್ಲಿ ಭಯಕ್ಕೆ ಎಡೆಯಿಲ್ಲ, ಬಲಿಗೂ ಎಡೆಯಿಲ್ಲ.

ನಮ್ಮ ನಾಡಿನಲ್ಲಿ ಅಮಾನವೀಯ ಆಚರಣೆ ಹಾಗೂ ವಾಮಾಚಾರಗಳ ವಿರುದ್ಧ 2017ರಲ್ಲಿ ಶಾಸನವಾಯಿತು. 2020ರಲ್ಲಿ ಜಾರಿಗೆ ಬಂದಿತು. ನಿಧಿಯಾಸೆಗೆ ನಡೆಸುವ ವಾಮಾಚಾರ ಇಂದು ಅಪರಾಧ. ಆದರೆ ಕಾನೂನು ಕೈಯನ್ನು ಹಿಡಿಯಬಲ್ಲುದು, ಮನಸ್ಸನ್ನಲ್ಲ. ಭೀತಿಯನ್ನು ಬಿತ್ತಿ ಕಾಣಿಕೆಯನ್ನು ಕೊಯ್ಯುವವನು ಜಮೀನ್ದಾರನಿರಲಿ, ಜ್ಯೋತಿಷಿಯಿರಲಿ, ಕಾವಿ ತೊಟ್ಟವನೇ ಇರಲಿ, ಅವನನ್ನು ಪ್ರಶ್ನಿಸುವುದು ಶರಣಧರ್ಮ. ಆ ಪ್ರಶ್ನೆಯನ್ನು ಮಠಗಳು ಮೊದಲು ತಮಗೇ ಕೇಳಿಕೊಳ್ಳಲಿ.