ನೋಟೀಸಿಗೆ ಹಣವಿದೆ, ವಕೀಲನಿಗಿಲ್ಲ

'ನಮ್ಮ ತೆರಿಗೆಯ ಹಣದಲ್ಲಿ ನುಸುಳುಕೋರರಿಗೆ ವಕೀಲರನ್ನು ಇಟ್ಟುಕೊಡಬೇಕೇ?' ಅಸ್ಸಾಮಿನ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕೇಳುವವರೆಲ್ಲ ಕೆಟ್ಟವರೇನಲ್ಲ. ದುಡಿದು ತೆರಿಗೆ ಕಟ್ಟುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದ್ದರಿಂದ ನಾವೂ ಲೆಕ್ಕದಿಂದಲೇ ಆರಂಭಿಸೋಣ.

ಅಸ್ಸಾಮಿನ ಪೌರತ್ವ ನೋಂದಣಿಗೆಂದು ಮೊದಲು ಅಂದಾಜಿಸಿದ್ದು 288 ಕೋಟಿ ರೂಪಾಯಿ. 2022ರ ಮಾರ್ಚ್ ಹೊತ್ತಿಗೆ ಅದು 1,602 ಕೋಟಿಗೆ ಏರಿತ್ತೆಂದು ಮಹಾಲೇಖಪಾಲರ ವರದಿಯೇ ಹೇಳಿದೆ. 2019ರ ಆಗಸ್ಟ್ 31ರಂದು ಪ್ರಕಟವಾದ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅವರಲ್ಲಿ ಮುಸ್ಲಿಮರಿದ್ದಾರೆ, ಬಂಗಾಳಿ ಹಿಂದೂಗಳಿದ್ದಾರೆ, ಆದಿವಾಸಿಗಳೂ ಇದ್ದಾರೆ. ಬಡವರಿಗೆ ಉಚಿತ ಕಾನೂನು ನೆರವು ಕೊಡುತ್ತೇವೆಂದು ಸರಕಾರ ಆಗ ಹೇಳಿತ್ತು. ಆದರೆ ಮೇಲ್ಮನವಿ ಹಾಕಬೇಕಾದರೆ ಮೊದಲು ತಿರಸ್ಕಾರದ ಆದೇಶ ಕೈಗೆ ಬರಬೇಕಲ್ಲವೇ? ಐದು ವರ್ಷ ಕಳೆದರೂ ಅದು ಬಂದಿರಲಿಲ್ಲ. ಹೆಸರು ಬಿಡಲು ಹಣವಿತ್ತು, ಬಿಟ್ಟದ್ದೇಕೆಂದು ತಿಳಿಸಲು ಇರಲಿಲ್ಲ.

ಅಲ್ಲಿನ ವಿದೇಶೀಯರ ನ್ಯಾಯಮಂಡಳಿಗಳು ಈ ಪಟ್ಟಿಗಿಂತಲೂ ಹಳೆಯವು. ಕೊಲೆ ಆರೋಪಿಯ ತಪ್ಪನ್ನು ಸರಕಾರ ಸಾಬೀತುಪಡಿಸಬೇಕು. ಇಲ್ಲಿ ಎಲ್ಲವೂ ತಿರುವುಮುರುವು. ನಾನು ವಿದೇಶಿಯಲ್ಲ ಎಂದು ನೋಟೀಸು ಬಂದವನೇ ಸಾಬೀತುಪಡಿಸಬೇಕು. 1946ರ ಕಾಯಿದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಬಂತು. ಆ ಹೊರೆ ಮಾತ್ರ ಬಡವನ ಹೆಗಲಿನಿಂದ ಇಳಿಯಲಿಲ್ಲ. 1971ರ ಮಾರ್ಚ್ 25ಕ್ಕೆ ಮೊದಲೇ ತನ್ನ ಹಿರಿಯರು ಇಲ್ಲಿದ್ದರೆಂಬ ದಾಖಲೆ ಬೇಕು. ಆ ಹಿರಿಯರ ಮಗ ಅಥವಾ ಮೊಮ್ಮಗಳು ತಾನೇ ಎಂಬುದಕ್ಕೆ ಮತ್ತೊಂದು ದಾಖಲೆ ಬೇಕು. ಬ್ರಹ್ಮಪುತ್ರೆ ಮನೆಯನ್ನೇ ಕೊಚ್ಚಿಕೊಂಡು ಹೋಗುವ ನಡುಗಡ್ಡೆಯ ಕುಟುಂಬ ಕಾಗದವನ್ನು ಎಲ್ಲಿ ಕಾಪಾಡೀತು? ಶಾಲೆಯ ಮೆಟ್ಟಿಲು ಹತ್ತದೆ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣಿನ ಪಾಡಂತೂ ಕೇಳುವುದೇ ಬೇಡ. ಮತದಾರರ ಪಟ್ಟಿಯಲ್ಲಿ ಆಕೆ ಗಂಡನ ಹೆಂಡತಿಯೇ ಹೊರತು ತಂದೆಯ ಮಗಳಲ್ಲ.

ನಮ್ಮ ಮನೆಗಳ ಅಜ್ಜಿಯರ ಪಡಿತರ ಚೀಟಿ, ಮತದಾರರ ಚೀಟಿ, ಜಾಗದ ಪತ್ರಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಫಾತಿಮಾ, ಒಂದರಲ್ಲಿ ಫಾತಿಮಾಬಿ, ಇನ್ನೊಂದರಲ್ಲಿ ಪಾತುಮ್ಮ. ನೆರೆಮನೆಯಲ್ಲಿ ಲಕ್ಷ್ಮಿ, ಲಕ್ಷ್ಮಮ್ಮ, ಲಚ್ಚಮ್ಮ. ಅಲ್ಲಿ ಇಂತಹ ವ್ಯತ್ಯಾಸಕ್ಕೇ ಮನುಷ್ಯರು ದೇಶ ಕಳೆದುಕೊಂಡಿದ್ದಾರೆ. 2012ರಲ್ಲಿ ವಿದೇಶಿ ಎನಿಸಿಕೊಂಡ ಒಬ್ಬರನ್ನು ಸುಪ್ರೀಮ್ ಕೋರ್ಟು 2024ರ ಜುಲೈಯಲ್ಲಿ ಭಾರತೀಯರೆಂದು ಸಾರಿತು. ಹೆಸರು, ತಾರೀಕುಗಳ ಸಣ್ಣಪುಟ್ಟ ವ್ಯತ್ಯಾಸಕ್ಕೆ ಪೌರತ್ವ ಕಸಿಯಬಾರದೆಂದೂ ಹೇಳಿತು. ತೀರ್ಪು ಕೇಳಲು ಆ ಮನುಷ್ಯ ಬದುಕಿರಲಿಲ್ಲ.

1985ರಿಂದ 2019ರ ಫೆಬ್ರವರಿವರೆಗೆ 63,959 ಮಂದಿಯನ್ನು ಅವರ ಗೈರುಹಾಜರಿಯಲ್ಲೇ ವಿದೇಶಿಯರೆಂದು ಘೋಷಿಸಲಾಯಿತೆಂದು ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿದೆ. ಇವರೆಲ್ಲ ಓಡಿಹೋದವರೆಂದು ನಂಬಬೇಕೇ? ನೋಟೀಸು ಓದಲು ಬಾರದವರು, ಕೂಲಿಗೆಂದು ದೂರದ ಊರಿಗೆ ಹೋದವರು, ವಕೀಲರ ಫೀಸಿಗೆ ಹೆದರಿ ಮನೆಯಲ್ಲೇ ಕುಳಿತವರು ಇವರಲ್ಲಿ ಇಲ್ಲವೇ? ಒಬ್ಬ ವಕೀಲನಿದ್ದರೆ ತಾರೀಕಿಗೆ ಹಾಜರಾಗುತ್ತಿದ್ದ, ಹಳೆಯ ಮತದಾರರ ಪಟ್ಟಿಯ ದೃಢೀಕೃತ ನಕಲು ತರಿಸುತ್ತಿದ್ದ, ಪಂಚಾಯತ್ ಕಾರ್ಯದರ್ಶಿಯನ್ನು ಸಾಕ್ಷಿಗೆ ಕರೆಸುತ್ತಿದ್ದ.

ಇನ್ನು ಕಾನೂನಿನ ಮಾತು. ಸಂವಿಧಾನದ 39ಎ ವಿಧಿಯಲ್ಲಿ ಉಚಿತ ಕಾನೂನು ನೆರವಿನ ಜೊತೆಗೆ 'ನಾಗರಿಕ' ಎಂಬ ಪದವಿದೆ, ನಿಜ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮು ಹೇಳುವುದು 'ವ್ಯಕ್ತಿ' ಎಂದು. ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು, ಪರಿಶಿಷ್ಟರು, ಬಡವರು ಅದರಲ್ಲಿ ಸೇರಿದ್ದಾರೆ. ಅದರ ಪ್ರಕಾರ ನ್ಯಾಯಮಂಡಳಿಯೂ ನ್ಯಾಯಾಲಯವೇ. ವಿಚಾರಣೆ ಮುಗಿಯುವವರೆಗೆ ಯಾರೂ ನುಸುಳುಕೋರನಲ್ಲ. ಹಾಗಿದ್ದ ಮೇಲೆ ನುಸುಳುಕೋರನಿಗೆ ವಕೀಲನೇಕೆ ಎಂದು ಕೇಳುವುದು ತೀರ್ಪು ಬರೆದಿಟ್ಟು ವಿಚಾರಣೆಗೆ ಕೂತಂತೆ. ನಿಜವಾಗಿ ವಿದೇಶಿಯೇ ಆಗಿದ್ದರೂ ಏನು? ಮುಂಬಯಿಯಲ್ಲಿ ಅಮಾಯಕರ ರಕ್ತ ಹರಿಸಿದ ಕಸಬ್ ಪಾಕಿಸ್ತಾನದವನು. ಅವನಿಗೂ ಈ ದೇಶ ವಕೀಲರನ್ನು ಕೊಟ್ಟಿತು. 2012ರ ಆ ತೀರ್ಪಿನಲ್ಲೇ, ಬಂಧಿತನನ್ನು ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಲೇ ಅವನಿಗೆ ಈ ಹಕ್ಕನ್ನು ತಿಳಿಸಬೇಕೆಂದು ಸುಪ್ರೀಮ್ ಕೋರ್ಟು ಹೇಳಿತು. ಅದು ನಾವು ಹೆಮ್ಮೆಪಡಬೇಕಾದ ಮಾತು. ಕಸಬನಿಗೆ ಸಿಕ್ಕಿದ್ದು ಬರ್ಪೇಟದ ಹಾಲು ಮಾರುವವನಿಗೆ ಸಿಗಬಾರದೇ?

ನಿರಾಶ್ರಿತರಿಗೂ ಇದೇ ಅನ್ವಯ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ 21ನೇ ವಿಧಿಯ ರಕ್ಷಣೆ ನಾಗರಿಕರಲ್ಲದವರಿಗೂ ಇದೆಯೆಂದು 1996ರಲ್ಲಿ ಚಕ್ಮಾಗಳ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಎತ್ತಿಹಿಡಿದಿದೆ.

ದೂರದ ಅಸ್ಸಾಮಿನ ಚಿಂತೆ ನಮಗೇಕೆ ಎನ್ನುವವರು 2020ರ ಜನವರಿಯನ್ನು ನೆನಪಿಸಿಕೊಳ್ಳಲಿ. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶೀಯರು' ಎಂಬ ಗುಲ್ಲೆಬ್ಬಿಸಿ ಕೂಲಿಗಳ ಜೋಪಡಿಗಳನ್ನು ನೆಲಸಮ ಮಾಡಲಾಯಿತು. ಅಲ್ಲಿ ಅಸ್ಸಾಮಿನವರ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಬಡವರೂ ಇದ್ದರು. ಅಚ್ಚ ಕನ್ನಡ ಮಾತಾಡಿದರೂ ಸೂರು ಉಳಿಯಲಿಲ್ಲ. ವಕೀಲರು ಹೈಕೋರ್ಟಿನ ಬಾಗಿಲು ತಟ್ಟಿದ ಮೇಲಷ್ಟೇ ಸರಕಾರ ಉತ್ತರ ಕೊಡಬೇಕಾಯಿತು.

ಸಮುದಾಯದವರು ಚಂದಾ ಎತ್ತಿ ವಕೀಲರನ್ನು ಇಟ್ಟುಕೊಳ್ಳಲಿ ಎನ್ನುವವರೂ ಇದ್ದಾರೆ. ಎತ್ತುತ್ತಲೂ ಇದ್ದೇವೆ. ಆದರೆ ಆರೋಪ ಹೊರಿಸಿದ್ದು ಸರಕಾರ, ಅದರ ವಕೀಲರಿಗೆ ಸಂಬಳ ಕೊಡುವುದು ಬೊಕ್ಕಸ. ಆ ಬೊಕ್ಕಸಕ್ಕೆ ಆರೋಪಿಯೂ ಎಣ್ಣೆ, ಸೋಪಿನ ಮೇಲೆ ತೆರಿಗೆ ಕಟ್ಟಿದ್ದಾನೆ.

ಕಾನೂನು ನೆರವಿನಿಂದ ಏನಾದೀತು ಎಂಬ ನಿರಾಶೆಯೂ ಬೇಡ. ಗೋಲ್‌ಪಾರಾದ ಮಾಟಿಯಾ ಬಂಧನ ಕೇಂದ್ರದಲ್ಲಿ ನೀರು, ಶೌಚಾಲಯಗಳ ದುಃಸ್ಥಿತಿ 2024ರಲ್ಲಿ ಸುಪ್ರೀಮ್ ಕೋರ್ಟಿಗೆ ತಿಳಿದದ್ದು ಅಸ್ಸಾಮಿನ ಕಾನೂನು ಸೇವೆಗಳ ಪ್ರಾಧಿಕಾರದ ವರದಿಯಿಂದಲೇ. ಹಾಗೆಂದು ಪುಡಿಗಾಸು ಕೊಟ್ಟು, ಕಡತವನ್ನೇ ಓದದ ವಕೀಲರನ್ನು ಹೆಸರಿಗೆ ನೇಮಿಸಿದರೆ ಅದೂ ಮೋಸವೇ. ನಾವು ಕೇಳುವುದು ಇಷ್ಟು: ಪ್ರತಿ ನೋಟೀಸಿನಲ್ಲೂ ಉಚಿತ ವಕೀಲರ ಹೆಸರು, ಫೋನ್ ಸಂಖ್ಯೆ ಆಯಾ ಜನರ ಭಾಷೆಯಲ್ಲಿ ಇರಲಿ. ದಾಖಲೆ ತರಿಸುವ ಖರ್ಚೂ ನೆರವಿನಲ್ಲಿ ಸೇರಲಿ. ವಕೀಲರಿಲ್ಲದ ಬಡವನ ವಿಚಾರಣೆಯನ್ನು ನ್ಯಾಯಮಂಡಳಿ ಆರಂಭಿಸದಿರಲಿ. ಗೈರುಹಾಜರಿಯಲ್ಲಿ ವಿದೇಶಿಯರೆನಿಸಿಕೊಂಡವರ ಕಡತಗಳನ್ನು ಮತ್ತೆ ತೆರೆಯಲಿ.