ಮೇಜಿನ ಮೇಲೊಂದು ಗಡಿನಾಡ ರೈಲು

ನಾರಾಯಣಪೇಟೆಯ ಹೆಸರು ಹೊತ್ತ ರೈಲು ನಿಲ್ದಾಣವಿದ್ದುದು ನಾರಾಯಣಪೇಟೆಯಲ್ಲಲ್ಲ. ಇಂದು ಕರ್ನಾಟಕದ ಯಾದಗಿರಿ ಜಿಲ್ಲೆಗೆ ಸೇರಿರುವ ಸೈದಾಪುರದಲ್ಲಿ. ‘ನಾರಾಯಣಪೇಟ ರೋಡ್’ ಎಂಬ ಫಲಕವನ್ನು ಕಂಡು ಇಳಿದವನು ಊರು ಮುಟ್ಟಬೇಕಾದರೆ ಮತ್ತೆ ರಸ್ತೆಯನ್ನೇ ಹಿಡಿಯಬೇಕಾಗಿತ್ತು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಗದ್ವಾಲಕ್ಕೆ ಮೀಟರ್‌ಗೇಜ್ ರೈಲು ನಿಜಾಮರ ಕಾಲದಲ್ಲಿಯೇ ಬಂದಿತು. ಇವೆರಡರ ನಡುವೆ ಸಿಲುಕಿದ ಮಖ್ತಲ್ ಮಾತ್ರ ಕಾಯುತ್ತಲೇ ಕುಳಿತಿತ್ತು. ಮುನಿರಾಬಾದ್–ಮಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1997-98ರಲ್ಲಿ. ಅದರ ಭಾಗವಾದ ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ದಾರಿ ಲೋಕಾರ್ಪಣೆಗೊಂಡದ್ದು 2023ರ ಅಕ್ಟೋಬರ್ 1ರಂದು. ನಾರಾಯಣಪೇಟೆ ಪಟ್ಟಣವಂತೂ ಇಂದಿಗೂ ಹಳಿಯಿಂದ ದೂರವೇ.

ಬಾರದ ಆ ರೈಲನ್ನು ಮೇಜಿನ ಮೇಲೆ ತರಬಹುದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆಯೊಂದರ ಮೇಲೆ ನಾರಾಯಣಪೇಟೆ, ಮಖ್ತಲ್, ಗದ್ವಾಲಗಳನ್ನು ಬೆಸೆಯುವ, ಎಂದೂ ಇಲ್ಲದಿದ್ದ ಒಂದು ನ್ಯಾರೋಗೇಜ್ ರೈಲಿನ ಮಾದರಿಯನ್ನು ಕಟ್ಟುವುದು ಗಡಿಭಾಗದ ಕಾಲೇಜೊಂದಕ್ಕೆ ಅಸಾಧ್ಯವೇನಲ್ಲ. ಅದು ಭೌತಶಾಸ್ತ್ರ ವಿಭಾಗಕ್ಕಿಂತ ಕನ್ನಡ ವಿಭಾಗಕ್ಕೆ ಹೆಚ್ಚು ಒಪ್ಪುವ ಕೆಲಸ.

ನ್ಯಾರೋಗೇಜೇ ಏಕೆ? ಸಣ್ಣ ಹಳಿ ಸಣ್ಣ ತಿರುವಿಗೆ ಒಗ್ಗುತ್ತದೆ. ಬ್ರಾಡ್‌ಗೇಜಿನ ಮಾದರಿ ಕೋಣೆಯನ್ನೇ ಕೇಳಿದರೆ ಇದು ಮೂಲೆಯೊಂದನ್ನು ಕೇಳುತ್ತದೆ. ಹವ್ಯಾಸಿಗಳು ಬಳಸುವ 9 ಮಿ.ಮೀ. ಹಳಿಯನ್ನು 1:76.2 ಪ್ರಮಾಣದಲ್ಲಿ ಹಿಗ್ಗಿಸಿದರೆ 686 ಮಿ.ಮೀ. ಆಗುತ್ತದೆ, ವೇಲ್ಸ್‌ನ ಟಾಲಿಲಿನ್ ರೈಲಿನ ಅಗಲವೂ ಅದೇ. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳನ್ನು ಹಾದು ಬಂಗಾರಪೇಟೆಗೆ ಓಡುತ್ತಿದ್ದ ರೈಲಿನ ಹಳಿ 762 ಮಿ.ಮೀ., ಎಂದರೆ ತುಸುವೇ ಅಗಲ. ಕಣ್ಣಿಗೆ ಈ ಅಂತರ ಕಾಣದು. ಆ ದಾರಿ ಇಂದು ಬ್ರಾಡ್‌ಗೇಜ್ ಆಗಿದ್ದರೂ ನಂದಿ ಹಾಲ್ಟ್ ನಿಲ್ದಾಣದ ಹಳೆಯ ಕಟ್ಟಡ ಉಳಿದಿದೆ; ಮಾದರಿ ಕಟ್ಟುವವರು ಮೊದಲು ನೋಡಿ ಬರಬೇಕಾದದ್ದು ಅದನ್ನೇ.

ಇಲ್ಲದ ರೈಲನ್ನು ಇದ್ದಂತೆ ಕಟ್ಟುವುದು ಹುಡುಗಾಟವೆಂದು ಮೂಗು ಮುರಿಯುವವರಿದ್ದಾರೆ. ಗ್ವಾಲಿಯರ್ ಅರಮನೆಯ ಊಟದ ಮೇಜಿನ ಮೇಲೆ ಬ್ರಾಂದಿ, ಚುಟ್ಟಾಗಳನ್ನು ಹೊತ್ತು ಸುತ್ತುವ ಬೆಳ್ಳಿಯ ರೈಲನ್ನು ಯಾರೂ ಹುಡುಗಾಟವೆನ್ನಲಿಲ್ಲ; ಮಹಾರಾಜರದೆಂಬ ಕಾರಣವಿರಬಹುದು. ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ರೋಲೆಂಡ್ ಎಮೆಟ್ ಕಾಗದದ ಮೇಲೆ ಬರೆದ ಡೊಂಕು ಕೊಳವೆಯ ನಗೆಯ ರೈಲು 1951ರ ಬ್ರಿಟನ್ ಉತ್ಸವದಲ್ಲಿ ನಿಜವಾದ ಹಳಿಯ ಮೇಲೆ ಜನರನ್ನು ಹೊತ್ತು ಓಡಿತು. ಪುಣೆಯ ಜೋಶಿಯವರ ಕಿರು ರೈಲುಗಳ ಸಂಗ್ರಹಾಲಯ 1998ರಿಂದ ಜನರನ್ನು ಸೆಳೆಯುತ್ತಿದೆ. ಆಕ್ಷೇಪ ಎತ್ತಬೇಕಾದದ್ದು ಕಲ್ಪನೆಯ ಮೇಲಲ್ಲ, ಎರವಲಿನ ಮೇಲೆ. ಪೆಟ್ಟಿಗೆಯಲ್ಲಿ ಬರುವ ಜರ್ಮನಿಯ ಮನೆಗಳು, ಹಿಮ ಹೊದ್ದ ಗುಡ್ಡಗಳು, ಪೈನ್ ಮರಗಳು ಕೃಷ್ಣೆಯ ದಂಡೆಯಲ್ಲಿ ನಿಂತರೆ ಅದು ನಗೆಯ ರೈಲಲ್ಲ, ನಗೆಪಾಟಲಿನ ರೈಲು. ರೈಲೊಂದು ಸುಳ್ಳಾಗಿರಲಿ, ನೆಲ, ಕಲ್ಲು, ನೀರು ಸುಳ್ಳಾಗಬಾರದು.

ನೆಲಕ್ಕೆ ಎರೆಮಣ್ಣೇ ಸಾಕು. ಹೊಲದ ಮಣ್ಣನ್ನು ಹಾಗೆಯೇ ಸುರಿದರೆ 1:76ರಲ್ಲಿ ಒಂದೊಂದು ಹೆಂಟೆಯೂ ಬಂಡೆಯಾಗಿ ಕಾಣುತ್ತದೆ. ಒಣಗಿಸಿ, ಕುಟ್ಟಿ, ವಸ್ತ್ರಗಾಳಿ ಮಾಡಬೇಕು. ಫೆವಿಕಾಲನ್ನು ನೀರಿಗೆ ಬೆರೆಸಿ ಒಂದು ಹನಿ ಸೋಪು ಹಾಕಿದರೆ ಅಂಟು ಮೇಲೆ ಮುತ್ತಾಗಿ ನಿಲ್ಲದೆ ಒಳಗಿಳಿಯುತ್ತದೆ. ಈ ಸೀಮೆಯ ಗುಂಡುಬಂಡೆಗಳ ಗುಡ್ಡವನ್ನು ಥರ್ಮಕೋಲಿನಲ್ಲಿ ಕೆತ್ತಬಹುದು. ಘಾಟು ವಾಸನೆಯ ಅಂಟು ತಾಗಿದರೆ ಅದು ಕರಗಿಹೋಗುವುದೆಂಬ ಎಚ್ಚರ ಬೇಕು. ಜಾಲಿಯ ಗಿಡಕ್ಕೆ ತೆಂಗಿನ ನಾರು. ಗೂಡ್ಸ್ ಡಬ್ಬಿಗಳಲ್ಲಿ ನಾರಾಯಣಪೇಟೆಯ ಚೌಕಳಿ ಸೀರೆಯ ಗಂಟು, ಗದ್ವಾಲದ ಮಗ್ಗಕ್ಕೆ ಹೋಗುವ ನೂಲಿನ ಹೊರೆ. ದಾರಿ ಜುರಾಲ ಅಣೆಕಟ್ಟಿನ ಮೇಲೆಯೇ ಹಾದುಹೋದರೂ ತಪ್ಪಿಲ್ಲ, ಎಂಜಿನಿಯರುಗಳು ಕ್ಷಮಿಸಿಯಾರು. ಕೃಷ್ಣಾ ಮಂಡಲದ ಮುಡುಮಾಲದ ನಿಲಸುಗಲ್ಲುಗಳನ್ನು ಮರೆಯುವಂತಿಲ್ಲ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2025ರಲ್ಲಿ ಸೇರಿದ, 14 ಅಡಿಯವರೆಗೆ ಎತ್ತರವಿರುವ ಆ ಕಲ್ಲುಗಳು ಮೇಜಿನ ಮೇಲೆ 56 ಮಿ.ಮೀ. ಆಗುತ್ತವೆ. ಸಾವಿರಾರು ವರ್ಷಗಳಿಂದ ನಿಂತವುಗಳ ಪಕ್ಕದಲ್ಲಿ ಹೊತ್ತು ತಪ್ಪಿದ ಪುಟ್ಟ ರೈಲೊಂದು ಏದುಸಿರು ಬಿಡುತ್ತ ಸಾಗುವುದಕ್ಕಿಂತ ಬೇರೆ ವಿನೋದ ಬೇಕಿಲ್ಲ.

ಕನ್ನಡ ವಿಭಾಗದ ನಿಜವಾದ ಕೆಲಸ ಶುರುವಾಗುವುದು ಫಲಕ ಬರೆಯುವಾಗ. ಹಳದಿಯ ಮೇಲೆ ಕಪ್ಪು ಅಕ್ಷರ, ಎತ್ತರ ನಾಲ್ಕೈದು ಮಿಲಿಮೀಟರ್. ಬರೆಯುವುದೇನನ್ನು? ಮಖ್ತಲ್ಲೋ, ಮಕ್ತಲವೋ? ಗದ್ವಾಲವೋ, ಗದವಾಲವೋ? ನಾರಾಯಣಪೇಟವೋ, ಪೇಟೆಯೋ? ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಆದರೆ ಆ ಮನೆಗಳ ಹಿರಿಯರು ತಮ್ಮ ಸುತ್ತಲ ಊರುಗಳನ್ನು ಬಾಯಲ್ಲಿ ಕರೆಯುವ ರೂಪ ಒಂದು, ಬಸ್ಸಿನ ಮೇಲೆ ತೆಲುಗಿನಲ್ಲಿ ಓದುವ ರೂಪ ಇನ್ನೊಂದು, ಬೆಂಗಳೂರಿನ ಪತ್ರಿಕೆ ಇಂಗ್ಲಿಷಿನಿಂದ ಅಕ್ಷರಾಂತರಿಸಿ ಅಚ್ಚುಹಾಕುವ ರೂಪ ಮತ್ತೊಂದು. ಗುಡೇಬಲ್ಲೂರಿನಂತಹ ಹೆಸರುಗಳಲ್ಲಿ ಕನ್ನಡ ಇನ್ನೂ ಎದ್ದು ಕಾಣುತ್ತದೆ. ಎಷ್ಟೋ ಹಳ್ಳ, ದಿನ್ನೆ, ಹೊಲಗಳ ಹೆಸರುಗಳು ಕಾಗದದ ಮೇಲೆ ಬಾರದೆ ಅಜ್ಜ ಅಜ್ಜಿಯರ ನಾಲಗೆಯಲ್ಲಷ್ಟೇ ಇವೆ. ಕಾಲ್ಪನಿಕ ರೈಲಿಗೆ ಹತ್ತಾರು ಹಾಲ್ಟುಗಳು ಬೇಕು, ಒಂದೊಂದಕ್ಕೂ ಹೆಸರು ಬೇಕು. ವಿದ್ಯಾರ್ಥಿಗಳು ಆ ಹೆಸರುಗಳನ್ನು ಕೇಳಿ ಬರೆದುಕೊಂಡು ಬರಲಿ. ಸ್ಥಳನಾಮ ಅಧ್ಯಯನವನ್ನು ಪರೀಕ್ಷೆಯ ಐದಂಕದ ಪ್ರಶ್ನೆಯಾಗಿ ಓದಿದವರು ಹೀಗೆ ಅಲೆಯುವುದಿಲ್ಲ. ನಿಲ್ದಾಣಕ್ಕೆ ಹೆಸರಿಲ್ಲದೆ ರೈಲು ನಿಂತಿದ್ದರೆ ಅಲೆದಾರು.

ಫಲಕದಲ್ಲಿ ತೆಲುಗು, ಉರ್ದುಗಳಿಗೂ ಜಾಗವಿರಬೇಕು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಜಗಳ ಖಂಡಿತ ಎದ್ದೇ ಏಳುತ್ತದೆ. ನಾಲ್ಕು ಅಡಿಯ ಹಲಗೆಯ ಸುತ್ತ ಮೂರು ಭಾಷೆಯ ಮಕ್ಕಳು ಕುಳಿತು ಅದನ್ನು ಬಗೆಹರಿಸಿಕೊಳ್ಳಲಿ, ಸಂಜೆಯಾದರೂ ಆಗಲಿ. ಅಷ್ಟರಲ್ಲಿ ಅಂಟು ಒಣಗಿರುತ್ತದೆ, ಹಳಿಯನ್ನೊಮ್ಮೆ ಒರೆಸಿ ಬಂಡಿ ಬಿಟ್ಟು ನೋಡಬಹುದು.